ಹಿಂದೆ ನೀಲಿ ಪೋರ್ಟ್ ಇರೋ 1050 ಟಿಐ ಗ್ರಾಫಿಕ್ಸ್ ಕಾರ್ಡ್ ತಗೋಬೇಡಿ ಮಾರಾಯ್ರೆ

ಮೊದ್ಲೇ ಹೇಳ್ಬಿಡ್ತೀನಿ, ನಾನೇನು ಕಂಪ್ಯೂಟರ್ ಗೊತ್ತಿಲ್ದೋನಲ್ಲ. ತೀರ್ಥಹಳ್ಳಿ ಕಡೆ ನಮ್ಮೂರಲ್ಲಿ ಯಾರ ಮನೆ ಸಿಸ್ಟಮ್ ಕೆಟ್ರೂ ಸ್ಕ್ರೂಡ್ರೈವರ್ ಹಿಡ್ಕೊಂಡು ಹೋಗೋನು ನಾನೇ. ಅದಕ್ಕೇ ಇದನ್ನ ಬರೆಯೋಕೆ ಜಾಸ್ತಿ ನಾಚಿಕೆ.

ಏಪ್ರಿಲ್ ಗುಡುಗು ಮಳೇಲಿ ಪ್ಲಗ್ ಎಲ್ಲ ಕಿತ್ತಿದ್ದೆ, ಮೋಡೆಮ್ಮಿಂದ ಬರೋ ಲ್ಯಾನ್ ವೈರ್ ಮರ್ತಿದ್ದೆ. ಸಿಡಿಲು ಅಲ್ಲಿಂದ್ಲೇ ಬಂತು, ಮದರ್‌ಬೋರ್ಡ್ ಹೋಯ್ತು. ನಂದು ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್, ಅದಕ್ಕೆ ಎಚ್81 ಬೋರ್ಡ್ ಬೇಕು ಅಂತ 60 ಕಿಲೋಮೀಟರ್ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋದೆ. ಅಂಗಡಿಯವ್ನು ಬೋರ್ಡ್ 3,200 ಅಂದ, ಹಂಗೇ "ಸಾರ್ ಒಂದು 1050 ಟಿಐ ಇದೆ, 4 ಜಿಬಿ, ಹೊಸದು, ನಿಮಗೆ ಅಂತ 4,800ಕ್ಕೆ ಕೊಡ್ತೀನಿ" ಅಂದ. ಬಿಲ್ ಹಾಕಿದ್ರೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳ್ತದೆ, ಬೇಕಾ ಅಂತ ಕೇಳ್ದ. ಬೇಡ ಅಂದೋನು ನಾನೇ. ಬೈಯೋರು ಬೈರಿ.

ಈಗ ನೆನೆಸ್ಕೊಂಡ್ರೆ ಮೈ ಉರಿಯೋದು ಇಲ್ಲಿ. ಕಾರ್ಡ್ ತಿರುಗಿಸಿ ನೋಡ್ದೆ, ಹಿಂದೆ ನೀಲಿ ವಿಜಿಎ ಪೋರ್ಟ್, ಹಳೇ ಮಾನಿಟರ್ ವೈರ್ ಹಾಕೋ ಜಾಗ. "ಓ ಒಳ್ಳೇದಾಯ್ತು, ನನ್ನ ಹಳೇ ಮಾನಿಟರ್‌ಗೆ ಸೀದಾ ಹಾಕ್ಬಹುದು" ಅಂತ ನಾನೇ ಬಾಯ್ಬಿಟ್ಟು ಹೇಳ್ದೆ! 1050 ಟಿಐ ಇರೋ 10 ಸೀರೀಸ್ ಕಾರ್ಡಿನ ಚಿಪ್ಪಿಗೆ ವಿಜಿಎ ಕೊಡೋ ತಾಕತ್ತೇ ಇಲ್ಲ. ಕಳ್ಳ ಕಣ್ಣೆದುರೇ ನಿಂತಿದ್ದ, ನಾನು ಅವ್ನಿಗೇ ಶಭಾಷ್ ಅಂದೆ. ಅವ್ನು ನಗ್ತಾ ಒಂದು ಪೆನ್‌ಡ್ರೈವ್‌ನಲ್ಲಿ ಡ್ರೈವರ್ ಹಾಕ್ಕೊಟ್ಟ, "ಇದನ್ನೇ ಹಾಕಿ ಸಾರ್, ನೆಟ್ಟಿಂದ ಹಾಕ್ಬೇಡಿ, ಅಪ್‌ಡೇಟಂತೂ ಮಾಡ್ಲೇಬೇಡಿ" ಅಂದ. ಆಗ್ಲೂ ನನ್ನ ತಲೆಗೆ ಹೋಗ್ಲಿಲ್ಲ.

ಮನೇಲಿ ರಾತ್ರಿ ಕೂತು ಫಿಟ್ ಮಾಡ್ದೆ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಕೊಂಡು ಪವರ್ ಬಟನ್ ವೈರ್ ಪಿನ್ನಿಗೆ ಸೇರ್ಸೋದ್ರಲ್ಲೇ ಅರ್ಧ ಗಂಟೆ. "ಹೊಸ" ಬೋರ್ಡಿನ ತೂತಿನ ಸುತ್ತ ಸ್ಕ್ರೂ ತಿರುಗಿಸಿದ ಗೀರು ಇತ್ತು, ಆದ್ರೂ ಬೋರ್ಡ್ ಓಡ್ತಿದೆ, ಅದನ್ನ ಬಿಡಿ. ಕಾರ್ಡ್ ಹಾಕಿ ಗೇಮ್ ತೆಗೆದ್ರೆ ಐದು ನಿಮಿಷಕ್ಕೆ ಸ್ಕ್ರೀನ್ ಕಪ್ಪು. ಮತ್ತೆ ತೆಗೆದೆ, ಮತ್ತೆ ಕಪ್ಪು. ಪವರ್ ಸಪ್ಲೈ ಇರ್ಬೇಕು ಅಂತ ಪಕ್ಕದ ಮನೇದು ತಂದು ಹಾಕ್ದೆ, ಅದೇ ಕಥೆ. ಕೊನೆಗೆ ಅಕ್ಕನ ಮಗ, ಪಿಯುಸಿ ಹುಡುಗ, "ಮಾಮ, ಜಿಪಿಯು-ಝಡ್ ಹಾಕಿ ನೋಡು" ಅಂದ, ಕಾರ್ಡ್ ಒಳಗೆ ಏನಿದೆ ಅಂತ ತೋರ್ಸೋ ಸಾಫ್ಟ್‌ವೇರ್ ಅದು. ಹಾಕಿದ್ರೆ ಕಾರ್ಡ್ ಹೆಸರಿನ ಮುಂದೆ ಬ್ರಾಕೆಟ್ಟಲ್ಲಿ ಫೇಕ್ ಅಂತ ಬರ್ತಿದೆ. 1050 ಟಿಐಗೆ 768 ಕೋರ್, ಅಂದ್ರೆ ಚಿತ್ರದ ಲೆಕ್ಕ ಮಾಡೋ ಘಟಕ, ಇರ್ಬೇಕು, ಇದ್ರಲ್ಲಿ 192. ಒಳಗಿರೋದು 2011ರ ಹಳೇ ಕಾರ್ಡ್ 550 ಟಿಐ, ಬಯಾಸ್ (ಕಾರ್ಡ್ ಒಳಗೇ ಇರೋ ಪ್ರೋಗ್ರಾಂ) ತಿದ್ದಿ ಹೆಸರು ಬದಲಾಯಿಸಿದಾರೆ. 4 ಜಿಬಿ ಅಂತ ತೋರ್ಸೋದೂ ಸುಳ್ಳು. ಹುಡುಗ ನಗ್ಲಿಲ್ಲ, ಸುಮ್ನೆ ನನ್ನ ಮುಖ ನೋಡ್ದ, ಅದು ಇನ್ನೂ ಕಷ್ಟ.

ಅಂಗಡಿಯವ್ನಿಗೆ ಫೋನ್ ಮಾಡ್ದೆ. ಮೊದ್ಲು "ಸಾಫ್ಟ್‌ವೇರ್ ಹೇಳೋದೆಲ್ಲ ನಂಬ್ತೀರಾ ಸಾರ್?" ಆಮೇಲೆ "ನೀವೇ ಫಿಟ್ ಮಾಡಿದ್ದಲ್ವ, ಕೈಯಿಂದ ಸ್ಟ್ಯಾಟಿಕ್ ಕರೆಂಟ್ ಹೊಡೆದಿರ್ತದೆ." ಸ್ಟ್ಯಾಟಿಕ್ ಹೊಡೆದ್ರೆ 768 ಕೋರ್ 192 ಆಗ್ತದಾ ಮಾರಾಯ? ಮತ್ತೆ ಬಸ್ ಹತ್ತಿ ಹೋದೆ, ಎಲ್ರ ಎದುರು ಜೋರಾಗಿ "ಬಿಲ್ ಎಲ್ಲಿ ಸಾರ್?" ಅಂದ. ಯುಪಿಐ ತೋರಿಸಿದ್ರೆ ದುಡ್ಡು ಹೋಗಿರೋದು ಇನ್ಯಾರದೋ ಹೆಸರಿಗೆ! "ಅದು ನಮ್ಮ ಅಂಗಡಿ ಅಕೌಂಟಲ್ಲ." ಅಲ್ಲಿ ನಿಂತಿದ್ದೋರೆಲ್ಲ ನಾನೇ ಮೋಸ ಮಾಡೋಕೆ ಬಂದೋನು ಅನ್ನೋ ಥರ ನೋಡಿದ್ರು.

ದುಡ್ಡು ಕೊಡೋ ಮುಂಚೆ ಅಂಗಡೀಲೇ ಕಾರ್ಡ್ ಹಾಕ್ಸಿ, ಜಿಪಿಯು-ಝಡ್ ತೆಗೆಸಿ. ಆಗಲ್ಲ ಅಂದ್ರೆ ಎದ್ದು ಬನ್ನಿ. ಬಿಲ್ ತಗೊಳ್ಳಿ, ಅದಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕಾದ್ರೂ ಧೈರ್ಯವಾಗಿ ಫೋನ್ ಮಾಡ್ಬಹುದು. ಅಂಗಡಿ ಹೆಸರು ಹಾಕು ಅಂತ ಕೇಳ್ಬೇಡಿ, ನನ್ನ ಕೈಲಿ ಒಂದು ಚೀಟಿ ಇಲ್ಲ. ಅವ್ನ ನಂಬರ್ ಇನ್ನೂ ಡಿಲೀಟ್ ಮಾಡಿಲ್ಲ, ಇವತ್ತು ಬೆಳಿಗ್ಗೆ ವಾಟ್ಸ್ಯಾಪ್ ಸ್ಟೇಟಸ್ಸಲ್ಲಿ "ಹೊಸ ಸ್ಟಾಕ್ ಬಂದಿದೆ" ಅಂತ ಹಾಕಿದಾನೆ, ಮೂರು ಕಾರ್ಡ್ ಸಾಲಾಗಿ ಇಟ್ಟು, ಮೂರಕ್ಕೂ ನೀಲಿ ಪೋರ್ಟ್.