ತಗ್ಗು, ಉಬ್ಬು, ಸಮ: ಎರೆನೆಲದ ಮೇಲೆ ಎಡ ಮಣಿಕಟ್ಟಿನ ಪರೀಕ್ಷೆ

ಕಲಬುರಗಿಯಲ್ಲಿ ಗಾಲ್ಫ್ ಚೀಲ ಹೆಗಲಿಗೇರಿಸಿ ಹೊರಟರೆ ಎದುರಿಗೆ ಸಿಕ್ಕವರು ಅದನ್ನು ಜಮೀನು ಅಳೆಯುವ ಸಲಕರಣೆ ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಆಳಂದ ರಸ್ತೆಯ ಆಚೆ ಗೆಳೆಯರೊಬ್ಬರ ಹೊಲವಿದೆ. ತೊಗರಿ ಕೊಯ್ದು ರಾಶಿ ಮುಗಿದ ಮೇಲೆ, ಮುಂಗಾರು ಬೀಳುವವರೆಗೆ, ಅದರ ಒಂದು ಅಂಚಿನಲ್ಲಿ ಕೂಳೆ ಕಿತ್ತು ನೆಲ ಚೊಕ್ಕಟ ಮಾಡಿಕೊಂಡು ಅಭ್ಯಾಸ ಮಾಡುತ್ತೇನೆ. ಬಿಸಿಲು ಏರಿದಂತೆ ಎರೆಮಣ್ಣು ಬಿರುಕು ಬಿಡುತ್ತದೆ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದು ನಿಯಮ ಹೇಳುತ್ತದೆ. ಏಪ್ರಿಲ್ ತಿಂಗಳ ಬಿರುಕಿಗೆ ಆ ಗಾತ್ರ ಲೆಕ್ಕಕ್ಕೇ ಇಲ್ಲ, ಚೆಂಡು ಒಳಗೆ ಹೋದರೆ ಹೋಯಿತು.

ಆದರೂ ಈ ನೆಲದಲ್ಲಿ ಒಂದು ಗುಣವಿದೆ. ಹೊಡೆತದ ಅಭ್ಯಾಸಕ್ಕೆಂದೇ ಇರುವ ಡ್ರೈವಿಂಗ್ ರೇಂಜ್‌ನ ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಮೇಲೆ ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಚೆಂಡಿಗಿಂತ ಎರಡು ಬೆರಳು ಹಿಂದೆ ಬಿದ್ದರೂ ಜಾರಿಕೊಂಡು ಮುಂದೆ ಬಂದು ಚೆಂಡನ್ನು ಎತ್ತಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಒಣಗಿದ ಎರೆನೆಲದಲ್ಲಿ ಹಾಗೆ ಹಿಂದೆ ಬಿದ್ದರೆ ಕ್ಲಬ್ಬು ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ, ಮೊಣಕೈವರೆಗೆ ಜುಮ್ಮೆನ್ನುತ್ತದೆ. ಮಣಿಕಟ್ಟು ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ನಿಷ್ಠುರವಾದ ಪರೀಕ್ಷಕ ನನಗೆ ಸಿಕ್ಕಿಲ್ಲ.

ಪರೀಕ್ಷೆಗೆ ಇಟ್ಟದ್ದು ಎಡಗೈಯ ಮಣಿಕಟ್ಟನ್ನು. ನಾನು ಬಲಗೈ ಆಟಗಾರ. ಎಡಗೈಯವರು ಎಲ್ಲವನ್ನೂ ತಿರುವಿ ಓದಿಕೊಳ್ಳಬೇಕು. ಕ್ಲಬ್ಬು ಹಿಂದಕ್ಕೆ ಹೋಗಿ ಮೇಲೆ ನಿಂತ ಕ್ಷಣದಲ್ಲಿ ಎಡ ಮಣಿಕಟ್ಟು ಮೂರು ರೀತಿಯಲ್ಲಿ ಇರಬಹುದು. ಕೈಯ ಬೆನ್ನು ಮುಂಗೈ ಕಡೆಗೆ ಮಡಚಿ ನಡುವೆ ತಗ್ಗು ಬೀಳಬಹುದು. ಅಂಗೈ ಒಳಕ್ಕೆ ಮಡಚಿ ಕೈಯ ಬೆನ್ನು ಉಬ್ಬಬಹುದು. ಎರಡೂ ಅಲ್ಲದೆ ಕೈಯ ಬೆನ್ನು, ಮುಂಗೈ ಒಂದೇ ಗೆರೆಯಲ್ಲಿ ಸಮವಾಗಿ ಇರಬಹುದು. ತಗ್ಗಾದರೆ ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ತೆರೆದುಕೊಂಡು ಗುರಿಯ ಬಲಕ್ಕೆ ನೋಡುತ್ತದೆ, ಉಬ್ಬಿದರೆ ಮುಚ್ಚಿಕೊಂಡು ಎಡಕ್ಕೆ ನೋಡುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಈ ಮುಖವೇ. ಕ್ಲಬ್ಬು ಸಾಗುವ ದಾರಿಗೂ ಮುಖ ನೋಡುವ ದಿಕ್ಕಿಗೂ ಇರುವ ಅಂತರ ಚೆಂಡನ್ನು ಗಾಳಿಯಲ್ಲಿ ಬಾಗಿಸುತ್ತದೆ.

ಅಳತೆಗೆ ಬಳಸಿದ ಸಾಮಗ್ರಿ ಅಗ್ಗದ್ದು. ರಂಗೋಲಿ ಪುಡಿಯಿಂದ ನೆಲಕ್ಕೆ ಉದ್ದ ಗೆರೆ ಎಳೆದು ಚೆಂಡುಗಳನ್ನು ಅದರ ಮೇಲೆ ಸಾಲಾಗಿ ಇಡುತ್ತೇನೆ. ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್ಬು) ಹೊಡೆತ ಸರಿಯಿದ್ದರೆ ಮಣ್ಣು ಕೆರೆದ ಗುರುತು ಗೆರೆಯ ಆಚೆ, ಅಂದರೆ ಗುರಿಯ ಕಡೆ, ಶುರುವಾಗಬೇಕು. ಗೆರೆಯ ಈಚೆ ಕೆರೆದಿದ್ದರೆ ನೆಪ ಹುಡುಕಿ ಪ್ರಯೋಜನವಿಲ್ಲ. ಜೊತೆಗೆ ಅಣ್ಣನ ಮಗ ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯ ವಿಡಿಯೊ ತೆಗೆಯುತ್ತಾನೆ. ಅದಕ್ಕೂ ಒಂದು ಮಿತಿಯಿದೆ. ಕ್ಲಬ್ಬಿನ ತಲೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಬಂದರೆ ಒಂದು ಚಿತ್ರದಿಂದ ಮುಂದಿನದಕ್ಕೆ ಸುಮಾರು 14 ಸೆಂ.ಮೀ. ಸರಿದಿರುತ್ತದೆ, ಚೆಂಡಿಗೂ ಕ್ಲಬ್ಬಿಗೂ ತಾಗುವ ಹೊತ್ತು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧದಷ್ಟು ಮಾತ್ರ. ತಾಗಿದ ಕ್ಷಣ ಚಿತ್ರದಲ್ಲಿ ಸಿಗುವುದೇ ಅಪರೂಪ. ಅದರ ಹಿಂದಿನ, ಮುಂದಿನ ಚಿತ್ರಗಳಿಂದ ಊಹಿಸಬೇಕು. ಕೈಗಳು ಮುಂದಿದ್ದವೋ, ಕ್ಲಬ್ಬಿನ ತಲೆ ಅವನ್ನು ಹಿಂದೆ ಹಾಕಿತ್ತೋ ಎಂದು ತಿಳಿಯಲು ಅಷ್ಟು ಸಾಕು.

ಮೊದಲು ತಗ್ಗು ಮಣಿಕಟ್ಟು. ಇದು ಕಲಿಸದೆ ಬರುವಂಥದ್ದು. ಮಣಿಕಟ್ಟನ್ನು ಹೆಬ್ಬೆರಳಿನ ಕಡೆಗೆ ಎತ್ತಿದಾಗ ಕೈಯ ಬೆನ್ನೂ ತಾನಾಗಿ ಸ್ವಲ್ಪ ಹಿಂದಕ್ಕೆ ಮಡಚುತ್ತದೆ. ಕೈಯ ರಚನೆಯೇ ಹಾಗೆ. ಇದನ್ನು ಸಮರ್ಥಿಸುವವರು ಅಮೆರಿಕದ ಹಳೆಯ ಚಾಂಪಿಯನ್ ಬೆನ್ ಹೋಗನ್ ಹೆಸರು ಹೇಳುತ್ತಾರೆ. ಹೋಗನ್ 1955ರಲ್ಲಿ ಲೈಫ್ ಪತ್ರಿಕೆಯಲ್ಲಿ ತನ್ನ ಗುಟ್ಟು ಎಂದು ಹೊರಗಿಟ್ಟದ್ದು ಇದನ್ನೇ: ಎಡಗೈ ಹಿಡಿತವನ್ನು ಎಡಕ್ಕೆ ಸರಿಸಿ, ಮೇಲೆ ತಲುಪಿದಾಗ ಮಣಿಕಟ್ಟನ್ನು ತಗ್ಗು ಮಾಡುವುದು. ಆದರೆ ಆತನ ತೊಂದರೆ ಏನಿತ್ತು ಎಂಬುದನ್ನು ಮರೆಯುತ್ತಾರೆ. ಹೋಗನ್ ವರ್ಷಗಟ್ಟಲೆ ಹೋರಾಡಿದ್ದು ಎಡಕ್ಕೆ ಬಾಗುವ ಹುಕ್ ವಿರುದ್ಧ. ಹವ್ಯಾಸಿಗಳಲ್ಲಿ ಹೆಚ್ಚಿನವರ ಚೆಂಡು ಬಾಗುವುದು ಬಲಕ್ಕೆ. ಬಿ.ಪಿ. ಕಡಿಮೆ ಇರುವವನು ಪಕ್ಕದ ಮನೆಯ ಯಜಮಾನರ ಬಿ.ಪಿ. ಇಳಿಸುವ ಗುಳಿಗೆ ನುಂಗಿದ ಹಾಗೆ ಅದು.

ಮೇಲಿನಿಂದ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣುವಂಥ ಸಾಧಾರಣ ಹಿಡಿತದಲ್ಲಿ ತಗ್ಗು ಮಣಿಕಟ್ಟನ್ನು ಬಳಸಿದಾಗ ನನ್ನ 7 ಐರನ್ ಚೆಂಡುಗಳು ಎತ್ತರಕ್ಕೆ ಎದ್ದು ಬಲಕ್ಕೆ ತೇಲಿದವು. ಅತಿ ದೂರದ ಹೊಡೆತಕ್ಕೆ ಬಳಸುವ ಡ್ರೈವರ್ ತೆಗೆದರೆ ನೇರವಾಗಿ ಪಕ್ಕದವರ ಜೋಳದ ಹೊಲ. ಮುಂಗೈಗಳನ್ನು ಜೋರಾಗಿ ಹೊರಳಿಸಿ ಮುಖ ಮುಚ್ಚಿದರೆ ಕೆಲವು ಅತಿ ಸೊಗಸಾದ ಹೊಡೆತಗಳು ಬಂದವು, ಅದನ್ನು ಒಪ್ಪಲೇಬೇಕು. ಆದರೆ ಹೊರಳಿಸುವ ಸಮಯ ಒಂದು ಕೂದಲೆಳೆ ತಪ್ಪಿದರೂ ಚೆಂಡು ಎಡಕ್ಕೋ ಬಲಕ್ಕೋ ಹೋಗುತ್ತದೆ. ನಿದ್ದೆ ಚೆನ್ನಾಗಿ ಆದ ಬೆಳಿಗ್ಗೆ ಮಾತ್ರ ಕೆಲಸ ಮಾಡುವ ತಂತ್ರ ನನಗೆ ಬೇಡ. ಇದೇ ತಗ್ಗನ್ನು ಮೂರು ಗೆಣ್ಣು ಕಾಣುವ ಹಿಡಿತದೊಂದಿಗೆ ಸೇರಿಸಿದಾಗ ಮಾತ್ರ ಚಿತ್ರ ಬದಲಾಯಿತು: ಹಿಡಿತ ಮುಚ್ಚಿದ್ದನ್ನು ಮಣಿಕಟ್ಟು ತೆರೆಯಿತು, ಮುಖ ನೇರವಾಯಿತು. ಅಂದರೆ ಮಣಿಕಟ್ಟಿನ ಬಗ್ಗೆ ಯಾರಾದರೂ ಸಲಹೆ ಕೊಟ್ಟರೆ, ಯಾವ ಹಿಡಿತಕ್ಕೆ ಎಂದು ಮರುಪ್ರಶ್ನೆ ಹಾಕಬೇಕು. ಹಿಡಿತ ನೋಡದೆ ಮಣಿಕಟ್ಟು ತಿದ್ದುವ ಪಾಠಗಳನ್ನು ನಾನು ಈಗ ಅರ್ಧಕ್ಕೇ ನಿಲ್ಲಿಸುತ್ತೇನೆ.

ಉಬ್ಬು ಮಣಿಕಟ್ಟು ಈ ಕಾಲದ ಫ್ಯಾಷನ್. ಡಸ್ಟಿನ್ ಜಾನ್ಸನ್, ಕಾಲಿನ್ ಮೊರಿಕಾವಾ, ಜಾನ್ ರಾಮ್ ಮೂವರೂ ಮೇಜರ್ (ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿ) ಪ್ರಶಸ್ತಿ ಗೆದ್ದವರು, ಮೂವರ ಎಡ ಮಣಿಕಟ್ಟೂ ಮೇಲೆ ಹೋದಾಗ ಎದ್ದು ಕಾಣುವಷ್ಟು ಉಬ್ಬಿರುತ್ತದೆ. ಇದರ ಲಾಭ ನನ್ನ ರಂಗೋಲಿ ಗೆರೆಯ ಮೇಲೆ ತಕ್ಷಣವೇ ಕಂಡಿತು. ಕೆರೆದ ಗುರುತುಗಳು ಗೆರೆಯ ಆಚೆ ಹೋದವು, ಚೆಂಡು ಮೊದಲು, ಮಣ್ಣು ಆಮೇಲೆ. ಮೊಣಕೈಗೆ ಜುಮ್ಮೆನ್ನುವ ಹೊಡೆತಗಳು ಕಡಿಮೆಯಾದವು. ಚೆಂಡು ತಗ್ಗಾಗಿ ಗಾಳಿ ಸೀಳಿಕೊಂಡು ಹೋಗುತ್ತದೆ. ಮಾರ್ಚ್ ಮಧ್ಯಾಹ್ನ ಸುಳಿಗಾಳಿ ಎದ್ದಾಗ ಇದು ಬಹಳ ಉಪಯುಕ್ತ.

ಹಾಗಿದ್ದರೆ ಇದೇ ಇರಲಿ ಎನ್ನಬಹುದಿತ್ತು. ಆದರೆ ಇದು ಬೇರೆ ಕಡೆ ಬೆಲೆ ಕೇಳುತ್ತದೆ. ಮುಖ ಮೊದಲೇ ಮುಚ್ಚಿರುವುದರಿಂದ ಸೊಂಟ ಮತ್ತು ಎದೆ ನಿಲ್ಲದೆ ಗುರಿಯ ಕಡೆ ತಿರುಗುತ್ತಲೇ ಇರಬೇಕು. ಮೈ ಒಂದು ಕ್ಷಣ ತಡೆದರೆ ಕೈಗಳು ಮುಂದೆ ಓಡಿ ಚೆಂಡು ನೆಲ ಸವರಿಕೊಂಡು ಎಡಕ್ಕೆ ಹಾರುತ್ತದೆ. ಕಚೇರಿಯ ಕುರ್ಚಿಯಲ್ಲಿ ದಶಕಗಟ್ಟಲೆ ಕುಳಿತ ಸೊಂಟ ಜಾನ್ಸನ್‌ನ ಸೊಂಟದಂತೆ ತಿರುಗಲು ಒಪ್ಪುವುದಿಲ್ಲ. ಇನ್ನೊಂದು ತೊಡಕನ್ನು ನೀವು ಕುಳಿತಲ್ಲೇ ಪರೀಕ್ಷಿಸಬಹುದು: ಎಡಗೈಯ ಬೆನ್ನನ್ನು ಉಬ್ಬಿಸಿ ಹಿಡಿದು, ಈಗ ಮಣಿಕಟ್ಟನ್ನು ಹೆಬ್ಬೆರಳಿನ ಕಡೆ ಎತ್ತಿ ನೋಡಿ. ಅರ್ಧಕ್ಕೇ ನಿಲ್ಲುತ್ತದೆ. ಆ ಎತ್ತುವಿಕೆಯೇ ಕ್ಲಬ್ಬಿಗೆ ವೇಗ ಕೊಡುವ ಸನ್ನೆಗೋಲು. ಅದು ಕುಗ್ಗಿದರೆ ವೇಗವನ್ನು ಮೈಯಿಂದಲೇ ತರಬೇಕು. ಉದ್ದ ಐರನ್‌ಗಳು ನನಗೆ ಮೇಲೇಳಲೇ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವೂ ಶುರುವಾಯಿತು. ಗಾಲ್ಫ್ ಆಡುವವರಲ್ಲಿ ಮಣಿಕಟ್ಟಿನ ಪೆಟ್ಟು ಹೆಚ್ಚಾಗಿ ಮುಂದಿರುವ ಕೈಗೇ, ಅಂದರೆ ನಮ್ಮಂಥವರ ಎಡಗೈಗೇ ಆಗುತ್ತದೆ. ಗಟ್ಟಿ ನೆಲದಲ್ಲಿ ಆಡುವವನು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಸಮ ಮಣಿಕಟ್ಟಿನ ಬಗ್ಗೆ ಹೇಳಲು ರೋಚಕವಾದದ್ದು ಏನೂ ಇಲ್ಲ, ಅದೇ ಅದರ ಗುಣ. ಶಾಲೆಯ ಮಕ್ಕಳ ಸ್ಕೇಲನ್ನು ಕೈಗಡಿಯಾರದ ಪಟ್ಟಿಯ ಕೆಳಗೆ ತೂರಿಸಿ ಕೈಯ ಬೆನ್ನಿಗೆ ತಾಗುವಂತೆ ಇಟ್ಟುಕೊಂಡೆ. ಮಣಿಕಟ್ಟು ತಗ್ಗಾದರೆ ಸ್ಕೇಲು ಕೈಗೆ ಒತ್ತುತ್ತದೆ, ಉಬ್ಬಿದರೆ ಎದ್ದು ನಿಲ್ಲುತ್ತದೆ. ಪೂರ್ತಿ ಹೊಡೆತಕ್ಕೆ ಬೇಡ, ಅರ್ಧ ಸ್ವಿಂಗ್‌ಗೆ ಸಾಕು. ಹಿಡಿತವನ್ನು ಎರಡು ಗೆಣ್ಣಿಗಿಂತ ತುಸು ಹೆಚ್ಚು ಕಾಣುವಂತೆ ಬಲಕ್ಕೆ ಸರಿಸಿದೆ. ಚೆಂಡು ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಎತ್ತರದಲ್ಲಿ, ಸಣ್ಣ ಬಾಗಿನೊಂದಿಗೆ ಹೋಯಿತು. ನನ್ನ ಅತ್ಯುತ್ತಮ ಹೊಡೆತ ಉಬ್ಬು ಮಣಿಕಟ್ಟಿನಿಂದಲೇ ಬಂದದ್ದು. ಆದರೆ ಕೆಟ್ಟ ಹೊಡೆತಗಳು ಅತಿ ಕಡಿಮೆ ಕೆಟ್ಟದಾಗಿದ್ದದ್ದು ಸಮ ಮಣಿಕಟ್ಟಿನಲ್ಲಿ. ನಾನು ಆರಿಸಿಕೊಂಡದ್ದು ಇದನ್ನೇ.

ಮೇಲೆ ಹೇಗಿತ್ತು ಎಂಬುದಕ್ಕಿಂತ ಕೆಳಗೆ ತಾಗುವಾಗ ಏನಾಯಿತು ಎಂಬುದು ದೊಡ್ಡದು, ಇಲ್ಲಿ ನಮ್ಮ ಕ್ರಿಕೆಟ್ ಅಡ್ಡ ಬರುತ್ತದೆ. ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ನೋಡಿ ಬೆಳೆದವರು, ಹೈದರಾಬಾದಿನ ಅಜರುದ್ದೀನರ ಫ್ಲಿಕ್ ಅನ್ನು ಗಲ್ಲಿಯಲ್ಲಿ ಅನುಕರಿಸಿದವರು ನಾವು. ಮಣಿಕಟ್ಟು ಎಂದರೆ ಕೊನೆಯ ಗಳಿಗೆಯ ಕುಶಲತೆ ಎಂಬುದು ರಕ್ತದಲ್ಲಿದೆ. ಅಲ್ಲಿ ವೇಗವಾಗಿ ಬರುವ ಚೆಂಡಿನ ದಿಕ್ಕು ತಿರುಗಿಸಿದರೆ ರನ್ನು. ಇಲ್ಲಿ ಚೆಂಡು ನಿಂತಲ್ಲೇ ನಿಂತಿದೆ. ಅದನ್ನು ಎತ್ತಬೇಕೆಂದು ಬಲಗೈ ಕೊನೆಯಲ್ಲಿ ಚಿಮ್ಮಿದರೆ ಬಲ ಮಣಿಕಟ್ಟು ನೇರವಾಗಿ, ಎಡ ಮಣಿಕಟ್ಟು ತಗ್ಗಾಗಿ, ಕ್ಲಬ್ಬಿನ ತಲೆ ಕೈಗಳನ್ನು ದಾಟಿಬಿಡುತ್ತದೆ. ಚೆಂಡನ್ನು ಎತ್ತುವ ಕೆಲಸ ಮುಖದ ಓರೆಗೆ ಸೇರಿದ್ದು, ಕೈಗಲ್ಲ. ವಿಡಿಯೊ ನೋಡಿ ಅಣ್ಣನ ಮಗ ಮುಲಾಜಿಲ್ಲದೆ ಹೇಳಿದ: “ಕಾಕಾ, ನೀವು ಚೆಂಡನ್ನು ಹೊಡೆಯುತ್ತಿಲ್ಲ, ಮೊಗೆಯುತ್ತಿದ್ದೀರಿ.”

ಇದಕ್ಕೆ ಎರಡು ಪರಿಹಾರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಒಂದು, ಮುಂಗೈಗಳನ್ನು ಉದ್ದೇಶಪೂರ್ವಕವಾಗಿ ಹೊರಳಿಸಿ ಬಿಡುವುದು. ಇನ್ನೊಂದು, ಬಲ ಮಣಿಕಟ್ಟು ಹಿಂದಕ್ಕೆ ಮಡಚಿದ ಸ್ಥಿತಿಯನ್ನು ಚೆಂಡು ತಾಗುವವರೆಗೂ ಕಾಪಾಡಿಕೊಂಡು ಮೈ ತಿರುಗಿಸುವುದು. ಹೈದರಾಬಾದಿಗೆ ಹೋದಾಗ ರೇಂಜ್ ಒಂದರಲ್ಲಿ ತರಬೇತುದಾರರನ್ನು ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು: “ಸರ್, ಕೈಗಳು ತಾವಾಗಿ ಹೊರಳುತ್ತವೆ. ನೀವು ಹೊರಳಿಸಬೇಡಿ.” ಇಪ್ಪತ್ತರ ಹುಡುಗನಿಗೆ ಇದು ಸರಿ. ಅವನ ಮೈ ತಿರುಗುತ್ತದೆ, ಕೈಗಳು ಹಿಂಬಾಲಿಸುತ್ತವೆ. ಬಿಗಿದ ಸೊಂಟದವನು ಏನೂ ಮಾಡದಿದ್ದರೆ ಕೈಗಳೂ ಏನೂ ಮಾಡುವುದಿಲ್ಲ, ಚೆಂಡು ಬಲಕ್ಕೆ ಹೋಗುತ್ತದೆ. ನನಗೆ ಒಗ್ಗಿದ್ದು ಕ್ಲಬ್ಬಿಗೆ ತಕ್ಕ ಹಂಚಿಕೆ: ವೆಜ್ (ಹತ್ತಿರದ ಹೊಡೆತಕ್ಕೆ ಬಳಸುವ, ಮುಖ ಹೆಚ್ಚು ಓರೆಯಾದ ಕ್ಲಬ್ಬು) ಮತ್ತು ಸಣ್ಣ ಐರನ್‌ಗಳಿಗೆ ಬಲ ಮಣಿಕಟ್ಟಿನ ಮಡಿಕೆ ಉಳಿಸುವುದು, ಡ್ರೈವರ್‌ಗೆ ಧಾರಾಳವಾಗಿ ಹೊರಳಿಸುವುದು. ಡ್ರೈವರ್‌ನಲ್ಲಿ ಚೆಂಡು ನೆಲಕ್ಕೆ ಚುಚ್ಚಿದ ಟೀ ಎಂಬ ಪುಟ್ಟ ಗೂಟದ ಮೇಲೆ ಇರುತ್ತದೆ, ಕ್ಲಬ್ಬು ಮೇಲೇರುವಾಗ ತಾಗಿದರೂ ಚಿಂತೆಯಿಲ್ಲ, ಕೈಗಳು ಬಹಳ ಮುಂದಿರಬೇಕಾಗಿಲ್ಲ.

ಮಣಿಕಟ್ಟನ್ನು ಬೇಗ ಎತ್ತುವುದೋ ತಡವಾಗಿ ಎತ್ತುವುದೋ ಎಂಬ ಚರ್ಚೆಗೆ ಪುಟಗಟ್ಟಲೆ ಖರ್ಚಾಗುತ್ತದೆ. ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಡ ಮುಂಗೈ ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೆ ಕ್ಲಬ್ಬು ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದರೆ ಸಾಕು.

ಹಿಡಿತದ ಬಿಗಿಗೆ ಮಾತ್ರ ನಮ್ಮ ಊರಿನಲ್ಲಿ ವಿಶೇಷ ಗಮನ ಬೇಕು. ಮೇ ತಿಂಗಳಲ್ಲಿ ಇಲ್ಲಿನ ತಾಪ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬೆಳಿಗ್ಗೆ ಏಳಕ್ಕೇ ಕೈಗವಸು ಒದ್ದೆ, ಕ್ಲಬ್ಬು ಜಾರುತ್ತದೆಂಬ ಭಯಕ್ಕೆ ಬೆರಳು ಬಿಗಿಯಾಗುತ್ತವೆ, ಬೆರಳು ಬಿಗಿದರೆ ಮುಂಗೈ ಬಿಗಿಯುತ್ತದೆ, ಆಮೇಲೆ ತಗ್ಗೂ ಇಲ್ಲ ಉಬ್ಬೂ ಇಲ್ಲ, ಮಣಿಕಟ್ಟು ಮರದ ಕೊರಡು. ಎರಡು ಕೈಗವಸುಗಳನ್ನು ಅದಲುಬದಲು ಹಾಕಿಕೊಳ್ಳುವುದು, ಹಿಡಿಕೆಯನ್ನು ಆಗಾಗ ಒಣಬಟ್ಟೆಯಿಂದ ಒರೆಸುವುದು ಯಾವ ಪಾಠಕ್ಕಿಂತಲೂ ಹೆಚ್ಚು ಫಲ ಕೊಟ್ಟಿತು.

ಸಣ್ಣ ಹೊಡೆತಗಳಲ್ಲಿ ನೆಲವೇ ತೀರ್ಪು ಕೊಟ್ಟಿತು. ಮಣಿಕಟ್ಟು ಮಡಚಿ ಹಿಡಿದು ವೆಜ್‌ನಿಂದ ಚಿಪ್ ಮಾಡುವುದು, ಅಂದರೆ ಚೆಂಡನ್ನು ಸ್ವಲ್ಪ ಎತ್ತಿ ಹತ್ತಿರಕ್ಕೆ ಹಾಕುವುದು, ಹುಲ್ಲಿನ ಮೇಲೆ ಚೆಂದ. ಹೈದರಾಬಾದಿನ ಗೋಲ್ಕೊಂಡದ ನಯಾ ಕಿಲಾ ಆವರಣದ ಕೋರ್ಸಿನಲ್ಲಿ ನನಗೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಬರಿಯ ಎರೆನೆಲದಲ್ಲಿ ವೆಜ್‌ನ ಅಂಚು ಒಂದೋ ಕಚ್ಚುತ್ತದೆ, ಇಲ್ಲವೇ ಪುಟಿಯುತ್ತದೆ. ಅಲ್ಲಿ 8 ಐರನ್ ತೆಗೆದುಕೊಂಡು, ಮಣಿಕಟ್ಟು ಅಲುಗಿಸದೆ, ಪಟ್ ಮಾಡುವ (ಚೆಂಡನ್ನು ನೆಲದ ಮೇಲೆ ಉರುಳಿಸುವ) ರೀತಿಯಲ್ಲಿ ಹೆಗಲಿನಿಂದಲೇ ತಳ್ಳುವುದು ಲೇಸು. ವೆಜ್ ಹೊಡೆತಗಳಲ್ಲಿ ಅಮೆರಿಕದ ಆಟಗಾರ ಸ್ಟೀವ್ ಸ್ಟ್ರಿಕರ್ ಮಣಿಕಟ್ಟನ್ನು ಬಹಳ ಕಡಿಮೆ ಬಳಸುತ್ತಾರೆ. ಆ ಶೈಲಿಯ ತುಂಡೊಂದನ್ನು ಎರೆಹೊಲಕ್ಕೆ ತಂದಂತಾಯಿತು.

ಮಳೆ ಶುರುವಾದ ಮೇಲೆ ಈ ಹೊಲ ನನ್ನದಲ್ಲ. ಬಿತ್ತನೆಯ ವಿಷಯ ಹಾಗಿರಲಿ, ಹಸಿ ಎರೆಮಣ್ಣು ಬೂಟಿಗೆ ಹತ್ತಿ ಕಾಲೆತ್ತಲು ಬಿಡುವುದಿಲ್ಲ. ಆಗ ಬೀದರಿನ ಅಕ್ಕನ ಮನೆಗೆ ಹೋದಾಗ ಊರಾಚೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಹೊಡೆಯುತ್ತೇನೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಅಲ್ಲಿ ಕಾಲಿಡಬಹುದು. ಕಲ್ಲುಹರಳು ಹೆಚ್ಚು, ಕ್ಲಬ್ಬಿನ ತಳ ಗೀರುತ್ತದೆ, ಆದ್ದರಿಂದ ಅಲ್ಲಿಗೆ ಒಯ್ಯುವುದು ಹಳೆಯ 7 ಐರನ್ ಒಂದನ್ನೇ, ಸಮ ಮಣಿಕಟ್ಟಿನಲ್ಲಿ, ಮುಕ್ಕಾಲು ಸ್ವಿಂಗ್‌ನಲ್ಲಿ. ಅಲ್ಲಿ ಉಬ್ಬು ಮಣಿಕಟ್ಟನ್ನು ಪ್ರಯತ್ನಿಸಬೇಡಿ. ಕ್ಲಬ್ಬು ಕಡಿದಾಗಿ ಇಳಿದು ಕಲ್ಲಿಗೆ ತಾಗಿದರೆ ಮಣಿಕಟ್ಟಿಗೆ ತಿಂಗಳುಗಟ್ಟಲೆ ರಜೆ.