ಹಳೆ ಕಾರಿನ ಬಾಗಿಲಿಗೆ ದೊಡ್ಡ ಸ್ಪೀಕರ್: ಪ್ಲಾಸ್ಟಿಕ್ ರಿಂಗೋ, ಮರದ ರಿಂಗೋ, 6x9 ಓವಲ್ಲೋ?

ಹಳೆ ಕಾರುಗಳ ಮುಂದಿನ ಬಾಗಿಲಲ್ಲಿ ಸಾಮಾನ್ಯವಾಗಿ 4 ಇಂಚಿನದೋ 5.25 ಇಂಚಿನದೋ ಸ್ಪೀಕರ್ ಇರುತ್ತದೆ. ಕಾಗದದ ಕೋನ್ (ಹಿಂದೆಮುಂದೆ ಆಡಿ ಸದ್ದು ಹುಟ್ಟಿಸುವ ಭಾಗ), ಪುಟ್ಟ ಮ್ಯಾಗ್ನೆಟ್, ವರ್ಷಗಳ ಬಿಸಿಲಿಗೆ ಒಣಗಿ ಬಿರಿದ ಅಂಚು. ಅದನ್ನು ಕಿತ್ತು 6.5 ಇಂಚಿನದು ಕೂರಿಸೋಣ ಅನ್ನಿಸುವುದು ಸಹಜ. ಆದರೆ ಕೂರಿಸುವುದು ಹೇಗೆ ಅನ್ನುವುದರಲ್ಲೇ ಎಲ್ಲ ಇದೆ. ನನ್ನ ಹಳೆ ಹ್ಯಾಚ್‌ಬ್ಯಾಕ್‌ನಲ್ಲಿ 5.25 ಇಂಚಿನ ಜಾಗ ಇತ್ತು. ಅದಕ್ಕೆ ನಾಲ್ಕು ಥರ ಹಾಕಿ ಕೇಳಿದೆ: ಕಂಪನಿ ಅಳತೆಯದೇ ಒಳ್ಳೆ ಸ್ಪೀಕರ್, ರೆಡಿಮೇಡ್ ಪ್ಲಾಸ್ಟಿಕ್ ರಿಂಗ್ (ಬಾಗಿಲಿಗೂ ಸ್ಪೀಕರಿಗೂ ನಡುವೆ ಕೂರುವ ಬಳೆ) ಮೇಲೆ 6.5, ದಪ್ಪ ಮರದ ರಿಂಗ್ ಮೇಲೆ ಅದೇ 6.5, ಆಮೇಲೆ ತಗಡು ಕತ್ತರಿಸಿ 6x9 ಇಂಚಿನ ಓವಲ್. ಕೊನೆಯದಕ್ಕೆ ಗುಜರಿಯಿಂದ ಅದೇ ಮಾಡೆಲ್‌ನ ಒಂದು ಜೊತೆ ಬಾಗಿಲು ತಂದೆ. ಕತ್ತರಿಸಿದ ತಗಡು ಮತ್ತೆ ಕೂಡುವುದಿಲ್ಲ, ಅಲ್ವಾ?

ಸ್ಟೀರಿಯೊ ಒಂದೇ, ಹಾಡುಗಳೂ ಅವೇ. ಪ್ರತಿ ಸಲವೂ ಫೋನಿನ ಸೌಂಡ್ ಮೀಟರ್ ಇಟ್ಟು ವಾಲ್ಯೂಮ್ ಸಮ ಮಾಡಿಕೊಂಡೆ. ಇದನ್ನು ಬಿಡಬೇಡಿ. ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿ ನಂಬಿಬಿಡುತ್ತದೆ.

ಮೊದಲು ಅಳತೆ. 6.5 ಇಂಚು ಅಂದರೆ ಹೊರಗಿನ ಫ್ರೇಮ್ ಸುಮಾರು 165 ಮಿಲಿಮೀಟರ್. ತೂತು 140ರಿಂದ 145 ಬೇಕಾಗುತ್ತದೆ. ಹಿಂದಕ್ಕೆ ಸಾಮಾನ್ಯವಾಗಿ 55ರಿಂದ 70 ಮಿಲಿಮೀಟರ್ ಆಳ ಹೋಗುತ್ತದೆ. ಎಡವಟ್ಟಾಗುವುದು ಈ ಆಳದಲ್ಲೇ. ಗ್ಲಾಸನ್ನು ಪೂರ್ತಿ ಕೆಳಗಿಳಿಸಿ, ತಗಡಿನಿಂದ ಗ್ಲಾಸಿಗೆ ಎಷ್ಟು ಜಾಗ ಇದೆ ಅಂತ ಅಳೆಯಬೇಕು. ಅದರಲ್ಲೂ ಕೆಲವು ಮಿಲಿಮೀಟರ್ ಬಿಡಬೇಕು, ಯಾಕೆಂದರೆ ಹಳೆ ಕಾರಿನ ಗ್ಲಾಸ್ ಹಳ್ಳದಲ್ಲಿ ಅಲ್ಲಾಡುತ್ತದೆ. ಗ್ಲಾಸ್ ಎತ್ತುವ ತೋಳು ಎಲ್ಲಿ ಓಡಾಡುತ್ತದೆ ಅಂತಲೂ ನೋಡಿ. ನನ್ನ ಬಾಗಿಲಲ್ಲಿ ಇದ್ದದ್ದು 50 ಮಿಲಿಮೀಟರ್ ಅಷ್ಟೆ. ಅಂದರೆ ಮಾಮೂಲಿ ಆಳದ 6.5 ಇಂಚಿನ ಸ್ಪೀಕರ್‌ಗೆ ಕೆಳಗೆ ದಪ್ಪ ರಿಂಗ್ ಬೇಕೇ ಬೇಕು.

ರಿಂಗ್ ಹಾಕಿದರೆ ಸ್ಪೀಕರ್ ಮುಂದಕ್ಕೆ ಬರುತ್ತದೆ, ಡೋರ್ ಪ್ಯಾಡ್‌ಗೆ (ಬಾಗಿಲ ಒಳಬದಿಯ ಹೊದಿಕೆ) ತಾಗಬಹುದು. ಅದಕ್ಕೆ ಸುಲಭ ಉಪಾಯ ಇದೆ. ಸ್ಪೀಕರಿನ ಫ್ರೇಮ್ ಮೇಲೆ ನಾಲ್ಕು ಕಡೆ ಮಕ್ಕಳ ಕ್ಲೇ ಉಂಡೆ ಅಂಟಿಸಿ, ಪ್ಯಾಡ್ ಒತ್ತಿ ತೆಗೆಯಿರಿ. ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅದೇ ನಿಮಗೆ ಉಳಿದಿರುವ ಜಾಗ.

ಈಗ ಮೊದಲನೆಯದು, ಅದೇ ಅಳತೆಯ ಒಳ್ಳೆ 5.25. ಇದನ್ನು ಎರಡು ಸಲ ಕೇಳಿದೆ, ಒಮ್ಮೆ ಬರಿ ಬಾಗಿಲಲ್ಲಿ, ಒಮ್ಮೆ ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿದ ಮೇಲೆ. ವ್ಯತ್ಯಾಸ ಅಗಾಧ. ಬರಿ ತಗಡನ್ನು ಬೆರಳ ಗಂಟಿನಿಂದ ತಟ್ಟಿದರೆ ‘ಡಣ್’ ಅನ್ನುತ್ತದೆ. ಒಳಗಡೆ ಆ ಬ್ಯೂಟೈಲ್ ರಬ್ಬರ್ ಶೀಟ್ ಒತ್ತಿ ರೋಲರ್ ಆಡಿಸಿದ ಮೇಲೆ ತಟ್ಟಿದರೆ ‘ಡಬ್’ ಅಂತ ಅಲ್ಲೇ ನಿಲ್ಲುತ್ತದೆ. ಗಾಯಕರ ದನಿ ಇಡಿಯಾಗಿ ಬಂತು. ತಬಲಾದ ಎಡಗೈ ಪೆಟ್ಟು ಮೊದಲ ಸಲ ಗುರುತು ಸಿಕ್ಕಿತು. ಬಾಗಿಲ ಒಳಪದರದಲ್ಲಿ ಕೆಲಸಕ್ಕೆಂದು ಬಿಟ್ಟ ದೊಡ್ಡ ತೂತುಗಳನ್ನೂ ಮುಚ್ಚಿದ್ದೆ. ಹೆಚ್ಚಿನ ಫಲ ಸಿಕ್ಕಿದ್ದು ಅದರಿಂದಲೇ ಅನ್ನುವುದು ನನ್ನ ಅಂದಾಜು. ಬಾಗಿಲ ತಳದ ನೀರು ಹೋಗುವ ಸಣ್ಣ ತೂತುಗಳನ್ನು ಮಾತ್ರ ಯಾವತ್ತೂ ಮುಚ್ಚಬಾರದು. ಮುಚ್ಚಿದರೆ ಒಳಗೆ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ.

ತೂತು ಮುಚ್ಚಬೇಕು ಯಾಕೆ? ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಅದೇ ಹೊತ್ತಿಗೆ ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ಉಲ್ಟಾ. ನಡುವೆ ಸಂದಿ ಸಿಕ್ಕರೆ ಎರಡೂ ಸೇರಿ ಪರಸ್ಪರ ಅಳಿಸಿಹಾಕುತ್ತವೆ. ಹೀಗೆ ಮೊದಲು ಸಾಯುವುದು ಬೇಸ್.

ಈ ಕಾರಣಕ್ಕೇ ಪ್ಲಾಸ್ಟಿಕ್ ಅಡಾಪ್ಟರ್ ರಿಂಗ್ ನನಗೆ ಹಿಡಿಸಲಿಲ್ಲ. ನನಗೆ ಸಿಕ್ಕಿದ್ದು ಒಳಗೆ ಟೊಳ್ಳು, ಗೋಡೆ 2-3 ಮಿಲಿಮೀಟರ್ ದಪ್ಪ. ತಗಡಿನ ಉಬ್ಬುತಗ್ಗಿಗೆ ಸರಿಯಾಗಿ ಕೂರಲ್ಲ. ಸ್ಕ್ರೂ ಬಿಗಿ ಮಾಡಿದರೆ ಒಂದು ಕಡೆ ಏಳುತ್ತದೆ, ಇನ್ನೂ ತಿರುಗಿಸಿದರೆ ಪ್ಲಾಸ್ಟಿಕ್ಕೇ ಕಿತ್ತು ಬರುತ್ತದೆ. ಪ್ಯಾಡ್ ತೆಗೆದಿಟ್ಟು, ಬೇಸ್ ಇರುವ ಹಾಡು ಹಾಕಿ, ರಿಂಗ್ ಅಂಚಿಗೆ ಬೆರಳಿಟ್ಟು ನೋಡಿದೆ. ಬೆರಳು ಜುಮ್ಮೆನ್ನುವಷ್ಟು ನಡುಗುತ್ತಿತ್ತು. ಕೋನ್‌ನ ಶಕ್ತಿ ಅಷ್ಟೂ ರಿಂಗನ್ನು ಕುಣಿಸಲು ಖರ್ಚಾಗುತ್ತಿದ್ದರೆ ಗಾಳಿಗೆ ಏನು ಉಳಿಯುತ್ತದೆ? 5.25ಕ್ಕಿಂತ 6.5ರ ಕೋನ್ ವಿಸ್ತೀರ್ಣ ಸುಮಾರು ಒಂದೂವರೆ ಪಟ್ಟು. ಆದರೂ ಸಮ ವಾಲ್ಯೂಮಿನಲ್ಲಿ, ಶೀಟ್ ಹಾಕಿದ ಬಾಗಿಲಿನ 5.25 ಇದಕ್ಕಿಂತ ಹಿತವಾಗಿ ಕೇಳಿಸಿತು. ಪ್ಲಾಸ್ಟಿಕ್ಕಿಗೆ ನೀರಿನ ಭಯ ಇಲ್ಲ, ಬೇಗ ಕೆಲಸ ಮುಗಿಯುತ್ತದೆ. ಅದಷ್ಟೇ ಅದರ ಗುಣ.

ಅದೇ ಸ್ಪೀಕರನ್ನು 18 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ರಿಂಗ್ ಮೇಲೆ ಕೂರಿಸಿದಾಗ ಬೇರೆ ಸ್ಪೀಕರೇ ಅನ್ನಿಸಿತು. ಗ್ಲಾಸಿನ ಕಡೆ ಈಗ 68 ಮಿಲಿಮೀಟರ್ ಸಿಕ್ಕಿತು, 60 ಆಳದ ಸ್ಪೀಕರ್ ಆರಾಮಾಗಿ ಹೋಯಿತು. ತಗಡಿಗೂ ರಿಂಗಿಗೂ ನಡುವೆ ಫೋಮ್ ಟೇಪ್, ಆರು ಕಡೆ ನಟ್-ಬೋಲ್ಟ್. ರಿಂಗಿನ ಮುಂದೆ ಇನ್ನೊಂದು ಸುತ್ತು ದಪ್ಪ ಫೋಮ್ ಅಂಟಿಸಿ ಅದು ಪ್ಯಾಡಿನ ಜಾಲರಿಗೆ ಒತ್ತುವಂತೆ ಮಾಡಿದೆ. ಇಲ್ಲದಿದ್ದರೆ ಅರ್ಧ ಶಬ್ದ ಪ್ಯಾಡಿನ ಹಿಂದೆಯೇ ತಿರುಗುತ್ತಾ ಕ್ಲಿಪ್ಪುಗಳನ್ನು ಗಲಗಲ ಅನ್ನಿಸುತ್ತದೆ. ಈ ಸಣ್ಣ ಫೋಮ್ ಸುತ್ತು ಮಾಡುವ ಉಪಕಾರ ದೊಡ್ಡದು.

ರಿಂಗ್ ಕೊಯ್ಯುವಾಗ ಒಳಗಿನ ತೂತಿನ ಹಿಂಬದಿ ಅಂಚನ್ನು ಓರೆಯಾಗಿ ಉಜ್ಜಬೇಕು. ನೆಟ್ಟಗೆ ಬಿಟ್ಟರೆ ಕೋನ್‌ನ ಬೆನ್ನಿಗೆ ಗಾಳಿ ಆಡಲು ಜಾಗ ಸಾಲದು. ಇನ್ನು ನೀರು. ಮಳೆ ನೀರು ಗ್ಲಾಸಿನ ರಬ್ಬರ್ ದಾಟಿ ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಬಾಗಿಲನ್ನು ಮಾಡಿರುವುದೇ ಹಾಗೆ. ಬರಿ ಎಂಡಿಎಫ್ ಆ ನೀರು ಕುಡಿದು ಉಬ್ಬಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಜಾಸ್ತಿ ಕುಡಿಯುವುದು ಕೊಯ್ದ ಅಂಚು. ಅದಕ್ಕೆ ರೆಸಿನ್ ಅಥವಾ ಆಯಿಲ್ ಪೇಂಟ್ ಎರಡು ಕೋಟ್, ಬೋಲ್ಟ್ ತೂತುಗಳ ಒಳಗೂ ಬೇಕು. ಈ ರೇಜಿಗೆ ಬೇಡ ಅನ್ನುವವರಿಗೆ ಮರೀನ್ ಪ್ಲೈವುಡ್ ಎಂಡಿಎಫ್‌ಗಿಂತ ವಾಸಿ, ಅದರ ಅಂಚಿಗೂ ಒಂದು ಕೋಟ್ ಬಳಿಯಿರಿ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಲಗೆಗೆ ನೀರು ತಾಗುವುದೇ ಇಲ್ಲ, ಆದರೆ ಅದಕ್ಕೆ ಅಂಟು ಹಿಡಿಯಲ್ಲ. ಬೋಲ್ಟ್ ಮತ್ತು ಗ್ಯಾಸ್ಕೆಟ್ಟೇ ಗತಿ.

6x9 ಕಡೆಗೆ ಬರೋಣ. ಕೋನ್ ವಿಸ್ತೀರ್ಣ 5.25ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು, ಬೇಸ್ ಕೂಡ ನಿಜವಾಗಿ ಇಳಿಯುತ್ತದೆ. ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ತಗಡೂ ಕೊಯ್ಯಬೇಕು, ಡೋರ್ ಪ್ಯಾಡೂ ಕೊಯ್ಯಬೇಕು. ಒಳಪದರ ಸಡಿಲವಾಗಿ, ಬಾಗಿಲು ಹಾಕಿದಾಗಿನ ಸದ್ದೇ ಬದಲಾಯಿತು. ಮಂದ್ರ ತುಂಬಿ ಬಂದರೂ ದನಿ ಮೊಣಕಾಲಿನ ಹತ್ತಿರದಿಂದ ಬಂದ ಹಾಗೆ ಅನ್ನಿಸಿತು. ದೊಡ್ಡ ಕೋನ್ ಮಧ್ಯದ ಸ್ವರಗಳನ್ನು ಎಲ್ಲ ಕಡೆ ಹರಡುವುದಿಲ್ಲ, ನೇರ ಎದುರಿಗೆ ಎಸೆಯುತ್ತದೆ. ಬಾಗಿಲಲ್ಲಿ ಅದರ ಎದುರಿಗಿರುವುದು ನಮ್ಮ ಕಾಲು.

ಕೊಯ್ಯುವವರು ಒಂದು ವಿಷಯ ನೆನಪಿಡಿ: ಸ್ಪೀಕರನ್ನು ಆ ಜಾಗದಿಂದ ದೂರ ಇಡಿ, ಡಬ್ಬ ಕೂಡ ತೆರೆಯಬೇಡಿ. ಗರಗಸದಿಂದ ಉದುರುವ ಕಬ್ಬಿಣದ ಪುಡಿಯನ್ನು ಮ್ಯಾಗ್ನೆಟ್ ಸೆಳೆದುಕೊಳ್ಳುತ್ತದೆ. ಕಾಯಿಲ್ ಇರುವ ಸಂದಿಗೆ ಒಂದು ಕಣ ಹೋದರೂ ಕೆರೆದ ಸದ್ದು ಶುರು, ಅದನ್ನು ತೆಗೆಯುವುದು ಆಗದ ಕೆಲಸ. ಬಟ್ಟೆ ಸುತ್ತಿದ ಹಳೆ ಮ್ಯಾಗ್ನೆಟ್‌ನಿಂದ ಬಾಗಿಲೊಳಗೆಲ್ಲಾ ಸವರಿ ಪುಡಿ ತೆಗೆಯಿರಿ. ಕೊಯ್ದ ಅಂಚಿಗೆ ಅವತ್ತೇ ಪ್ರೈಮರ್ ಹೊಡೆಯಿರಿ. ಡಿಕ್ಕಿಯ ಪೆಟ್ಟು ತಡೆಯುವ ಅಡ್ಡ ಪಟ್ಟಿ ಬಾಗಿಲೊಳಗಿದ್ದರೆ ಅದನ್ನು ಮುಟ್ಟಲೇಬಾರದು. ಸೈಡ್ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಬಾಗಿಲಿಗೆ ಗರಗಸ ಹಾಕಲೇಬೇಡಿ.

ಸ್ಟೀರಿಯೊ ಮೇಲೆ ‘50 ವಾಟ್ x 4’ ಅಂತ ಬರೆದಿದ್ದರೂ ಅದು ಒಂದೇ ಸಮ ಕೊಡುವುದು ಸಾಮಾನ್ಯವಾಗಿ 15ರಿಂದ 20 ವಾಟ್. ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದನ್ನು ನೋಡಿ ಕೊಳ್ಳಿ. 3 ಡೆಸಿಬೆಲ್ ಜಾಸ್ತಿ ಇದ್ದರೆ ಪವರ್ ಎರಡು ಪಟ್ಟು ಮಾಡಿದ ಹಾಗೆ. ಡಬ್ಬದ ಮೇಲಿನ ದೊಡ್ಡ ವಾಟ್ ಅಂಕಿ ಸುಮ್ನೆ ಆಸೆ ಹುಟ್ಟಿಸಲು.

ಹಳೆ ಕಾರಿನ ವೈರಿನ ಬಣ್ಣವನ್ನು ನಂಬಬೇಡಿ. 1.5 ವೋಲ್ಟ್ ಸೆಲ್‌ನ ಎರಡು ತುದಿಯನ್ನು ಸ್ಟೀರಿಯೊದಿಂದ ಬಿಚ್ಚಿದ ವೈರಿಗೆ ಕ್ಷಣ ತಾಗಿಸಿ. ಕೋನ್ ಮುಂದಕ್ಕೆ ಬಂದರೆ ಪ್ಲಸ್ ಮುಟ್ಟಿದ್ದೇ ಪ್ಲಸ್. ಎಡಬಲದಲ್ಲಿ ಒಂದು ಉಲ್ಟಾ ಆದರೂ ಬೇಸ್ ಮಾಯ, ಬೈಗುಳ ಮಾತ್ರ ಸ್ಪೀಕರಿಗೆ. ಪ್ಯಾಡ್ ಬಿಚ್ಚುವ ಕೆಲಸ ಬಿಸಿಲಿರುವಾಗ ಇಟ್ಟುಕೊಳ್ಳಿ. ಚಳಿಯಲ್ಲಿ ಹಳೆ ಕ್ಲಿಪ್ ಪಟ್ ಅಂತ ಮುರಿಯುತ್ತವೆ, ಹೊಸವು ಮೊದಲೇ ತಂದಿಡಿ.

ಈಗ ನನ್ನ ಕಾರಿನಲ್ಲಿ ಇರುವುದು ಮರದ ರಿಂಗ್ ಮೇಲಿನ 6.5, 60 ಹರ್ಟ್ಜ್‌ಗಿಂತ ಕೆಳಗಿನ ತೀರಾ ಮಂದ್ರ ಸದ್ದನ್ನು ಸ್ಟೀರಿಯೊದಲ್ಲೇ ಫಿಲ್ಟರ್ ಹಾಕಿ ತಡೆದಿದ್ದೇನೆ. ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್, ಟ್ವೀಟರ್, ಬೇರೆಯಾಗಿ ಕನ್ನಡಿ ಮೂಲೆಯಲ್ಲಿದೆ, ದನಿ ಡ್ಯಾಶ್‌ಬೋರ್ಡ್ ಮಟ್ಟಕ್ಕೆ ಏರಿದೆ. ರಿಂಗ್ ಕೊಯ್ಯುವಷ್ಟು ಪುರುಸೊತ್ತು ಇಲ್ಲದವರಿಗೆ ನಾನು ಹೇಳುವುದು ಡ್ಯಾಂಪಿಂಗ್ ಶೀಟ್ ಜೊತೆ ಒಳ್ಳೆ 5.25. ಶೀಟ್ ಹೇಗೂ ಹಾಕಿರುತ್ತೀರಿ, ಮುಂದೆ ಮನಸ್ಸಾದಾಗ 6.5ಕ್ಕೆ ಹೋಗಲು ರಿಂಗ್ ಒಂದೇ ಬಾಕಿ.