ಒಬ್ಬರಿಗೆ ಒಂದು ಮೇಜು: ಶಿವಮೊಗ್ಗದ ಇಟಾಲಿಯನ್ ಹೋಟೆಲಿನಲ್ಲಿ ಎರಡು ಸಂಜೆ

ಲೆಕ್ಕಪರಿಶೋಧನೆಯ ಕೆಲಸದ ಮೇಲೆ ನಾನು ಧಾರವಾಡದಿಂದ ಶಿವಮೊಗ್ಗಕ್ಕೆ ವರ್ಷಕ್ಕೆ ಮೂರ್ನಾಲ್ಕು ಸಲ ಬರುತ್ತೇನೆ, ಪ್ರತಿ ಸಲವೂ ಒಬ್ಬಳೇ. ಹಗಲಿನ ಹೊತ್ತು ಈ ಊರಿನಲ್ಲಿ ಒಂಟಿ ಹೆಂಗಸಿನ ಊಟಕ್ಕೆ ಯಾವ ಅಡ್ಡಿಯೂ ಇಲ್ಲ. ದರ್ಶಿನಿಯಲ್ಲಿ ಎಲ್ಲರೂ ನಿಂತೇ ತಿನ್ನುವುದರಿಂದ ಯಾರು ಯಾರ ಜೊತೆ ಬಂದಿದ್ದಾರೆಂಬುದು ಯಾರಿಗೂ ತಿಳಿಯುವುದಿಲ್ಲ. ಊಟದ ಹೋಟೆಲಿನಲ್ಲಿ ಎದುರಿನ ಕುರ್ಚಿಗೆ ಅಪರಿಚಿತರೊಬ್ಬರು ಬಂದು ಕೂತು ಸಾರು ಕಲೆಸತೊಡಗಿದರೂ ಅದು ಸಹಜವೇ. ಕಷ್ಟವಿರುವುದು ರಾತ್ರಿ ಎಂಟರ ನಂತರ. ಆಗ ತೆರೆದಿರುವ ಒಳ್ಳೆಯ ಜಾಗಗಳೆಲ್ಲ ಕುಟುಂಬಗಳಿಗೆ ಅಥವಾ ಗೆಳೆಯರ ಗುಂಪುಗಳಿಗೆ ಎಂದೇ ಸಜ್ಜಾಗಿರುತ್ತವೆ. ಕಳೆದ ಜುಲೈಯಲ್ಲಿ, ಮೂರು ರಾತ್ರಿ ಲಾಡ್ಜಿನ ಚಪಾತಿ ಕುರ್ಮ ತಿಂದು ಬೇಸತ್ತು, ಹೊಸ ಬಡಾವಣೆಯೊಂದರಲ್ಲಿ ಆರಂಭವಾಗಿರುವ ಇಟಾಲಿಯನ್ ರೆಸ್ಟೋರೆಂಟಿಗೆ ಎರಡು ಸಂಜೆ ಹೋದೆ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೊಸಬರು, ತಿದ್ದಿಕೊಳ್ಳಲು ಸಮಯವಿದೆ.

ಬಾಗಿಲಲ್ಲಿ ಕೊಡೆ ಮಡಚುವ ಮೊದಲೇ ಹುಡುಗ ಕೇಳಿದ: “ಎಷ್ಟು ಜನ ಮೇಡಂ?” ಒಬ್ಬಳೇ ಎಂದಾಗ ಅವನು ಒಂದು ಕ್ಷಣ ನನ್ನ ಹಿಂದೆ ನೋಡಿ, ನಂತರ ಕೈ ತೊಳೆಯುವ ಬೇಸಿನ್ನಿನ ಪಕ್ಕದ ಪುಟ್ಟ ಮೇಜಿಗೆ ಕರೆದೊಯ್ದ. ಕಿಟಕಿಯ ಬಳಿಯ ನಾಲ್ಕು ಕುರ್ಚಿಗಳ ಎರಡು ಮೇಜುಗಳು ಖಾಲಿ ಇದ್ದವು, ಮತ್ತು ನಾನು ಎದ್ದು ಹೊರಡುವವರೆಗೂ ಖಾಲಿಯೇ ಉಳಿದವು. ಊಟದುದ್ದಕ್ಕೂ ಬಂದವರೆಲ್ಲ ನನ್ನ ಭುಜದ ಬಳಿ ನಿಂತು ಕೈ ಕೊಡವಿದರು.

ಆದರೆ ಅಡುಗೆಮನೆ ಬೇರೆಯೇ ಕಥೆ ಹೇಳಿತು. ನಾನು ಮೊದಲ ಸಂಜೆ ತರಿಸಿದ್ದು ಸ್ಪಗೆಟ್ಟಿ ಆಲ್ಯೊ ಎ ಓಲ್ಯೊ, 280 ರೂಪಾಯಿ. ಹೆಸರಿನ ಅರ್ಥ ಬೆಳ್ಳುಳ್ಳಿ ಮತ್ತು ಎಣ್ಣೆ, ಅಷ್ಟೆ. ಬೇಯಿಸಿದ ಪಾಸ್ತಾಕ್ಕೆ ಬೆಳ್ಳುಳ್ಳಿ ಒಗ್ಗರಣೆ ಎಂದರೆ ಬಹಳ ತಪ್ಪೇನೂ ಆಗುವುದಿಲ್ಲ. ಮರೆಮಾಚಲು ಕ್ರೀಮ್ ಇಲ್ಲ, ಚೀಸ್ ಇಲ್ಲ, ತರಕಾರಿಯ ರಾಶಿಯೂ ಇಲ್ಲದ ಕಾರಣ ಹೊಸ ಇಟಾಲಿಯನ್ ಹೋಟೆಲನ್ನು ಅಳೆಯಲು ನಾನು ಯಾವಾಗಲೂ ಇದನ್ನೇ ಕೇಳುತ್ತೇನೆ. ಬೆಳ್ಳುಳ್ಳಿಯನ್ನು ಜಜ್ಜದೆ ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿದ್ದರು; ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿತ್ತು, ಎಲ್ಲಿಯೂ ಕಂದಾಗಿ ಕಹಿ ಬಿಟ್ಟಿರಲಿಲ್ಲ. ಪಾಸ್ತಾ ಬೆಂದ ಒಂದು ಸೌಟು ಗಂಜಿನೀರನ್ನು ಎಣ್ಣೆಗೆ ಹಾಕಿ ಬಾಣಲೆಯನ್ನು ಚೆನ್ನಾಗಿ ಆಡಿಸಿದರೆ ಅದರಲ್ಲಿರುವ ಪಿಷ್ಟ ಎಣ್ಣೆ ಮತ್ತು ನೀರನ್ನು ಒಂದುಗೂಡಿಸಿ ಎಳೆಗಳಿಗೆ ಮೆತ್ತುವ ತೆಳು ಸಾಸ್ ಮಾಡುತ್ತದೆ. ಹಾಗೆ ಮಾಡದಿದ್ದರೆ ತಿಂದು ಮುಗಿಸುವಾಗ ತಟ್ಟೆಯ ತಳದಲ್ಲಿ ಎಣ್ಣೆ ಕೆರೆ ಕಟ್ಟಿರುತ್ತದೆ. ಇಲ್ಲಿ ಫೋರ್ಕಿನಿಂದ ಎಳೆಗಳನ್ನು ಸರಿಸಿ ನೋಡಿದೆ. ತಳದಲ್ಲಿ ಮಸುಕಾದ ಒಂದು ಪಸೆ ಮಾತ್ರ ಇತ್ತು. ಇಟಲಿಯ ಒಣ ಮೆಣಸಿನ ಬದಲು ಅಡುಗೆಯವರು ಮಲೆನಾಡಿನ ಸೂಜಿಮೆಣಸನ್ನು ಸೀಳಿ ಹಾಕಿದ್ದರು. ಅದರ ಖಾರ ನಾಲಿಗೆಗೆ ಚುರ್ರೆಂದು ತಾಗಿ ಬೇಗನೆ ಇಳಿಯುವುದರಿಂದ ಬೆಳ್ಳುಳ್ಳಿಯ ರುಚಿ ಕೆಡಲಿಲ್ಲ. ಈ ಬದಲಾವಣೆಯನ್ನು ಯಾರು ಯೋಚಿಸಿದರೋ, ಅವರಿಗೆ ನನ್ನ ನಮಸ್ಕಾರ.

ಪಾಸ್ತಾದ ಹದದ ಬಗ್ಗೆಯೂ ಒಂದು ಮಾತು ಹೇಳಬೇಕು. ಇಟಲಿಯವರು ‘ಅಲ್ ದೆಂತೆ’ ಎನ್ನುವುದು ಹಲ್ಲಿಗೆ ತುಸು ಎದುರು ಕೊಡುವ ಹದ. ನಮ್ಮಲ್ಲಿ ಅದನ್ನು ಬೇಯದ ಪಾಸ್ತಾ ಎಂದು ವಾಪಸು ಕಳಿಸುವವರೇ ಹೆಚ್ಚು. ಜವೆಗೋಧಿಯ ಶಾವಿಗೆ ತಿಂದು ಬೆಳೆದ ಧಾರವಾಡದ ಕಡೆಯವರಿಗೆ ಈ ಹದ ಹೊಸತಲ್ಲ. ಪಾಸ್ತಾಕ್ಕೆ ಬಳಸುವ ದುರಂ ಗೋಧಿಯೂ ಜವೆಗೋಧಿಯೂ ಹತ್ತಿರದ ನೆಂಟರು, ಎರಡರ ಎಳೆಯೂ ಬೆಂದಮೇಲೆ ಮುದ್ದೆಯಾಗದೆ ಬಿಡಿಬಿಡಿಯಾಗಿಯೇ ಇರುತ್ತದೆ. ಅಕ್ಕಿಯ ಒತ್ತುಶಾವಿಗೆಯನ್ನು ಕಾಯಿಹಾಲಿನಲ್ಲಿ ಮುಳುಗಿಸಿ ತಿನ್ನುವ ಮಲೆನಾಡಿನ ನಾಲಿಗೆಗೆ ಇದು ಗಡುಸಾಗಿ ಕಂಡೀತು. ಆದರೂ ಅಡುಗೆಮನೆಯವರು ಹದ ಬಿಟ್ಟುಕೊಟ್ಟಿರಲಿಲ್ಲ.

ನನ್ನ ನಿಜವಾದ ತಕರಾರು ಪ್ರಮಾಣದ ಕುರಿತು. ಇಟಲಿಯ ಊಟದಲ್ಲಿ ಪಾಸ್ತಾ ಮೊದಲ ಬಡಿಸುವಿಕೆ ಮಾತ್ರ, ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಸಾಮಾನ್ಯ ಲೆಕ್ಕ. ಅದರ ನಂತರ ಮೀನೋ ಮಾಂಸವೋ ಬರುತ್ತದೆ. ಇಲ್ಲಿ ಬಂದ ತಟ್ಟೆ ಇಬ್ಬರಿಗೆ ಧಾರಾಳವಾಗಿ ಸಾಕಾಗುವಷ್ಟಿತ್ತು. ಅರ್ಧ ಪ್ಲೇಟ್ ಸಿಗುತ್ತದೆಯೇ ಎಂದು ಮೊದಲೇ ಕೇಳಿದ್ದೆ. “ಹಾಫ್ ಇಲ್ಲ ಮೇಡಂ, ಸಿಸ್ಟಮ್‌ನಲ್ಲಿ ಬರಲ್ಲ,” ಎಂದ ಹುಡುಗ. ಬಿಲ್ಲಿನ ಯಂತ್ರದಲ್ಲಿ ಇಲ್ಲದ್ದು ಬಾಣಲೆಯಲ್ಲಿಯೂ ಇಲ್ಲ ಎಂಬ ತರ್ಕಕ್ಕೆ ಎದುರಾಡಲು ಆಗಲಿಲ್ಲ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋದೆ. ಆಲ್ಯೊ ಎ ಓಲ್ಯೊ ಆರಿದ ಮೇಲೆ ತಿನ್ನುವ ಪದಾರ್ಥವಲ್ಲ.

ಎರಡನೆಯ ಸಂಜೆ ಬಾಗಿಲಲ್ಲೇ ಕಿಟಕಿಯ ಮೇಜು ಬೇಕೆಂದು ಕೇಳಿದೆ. ಹುಡುಗ ಕೌಂಟರಿನ ಕಡೆ ತಿರುಗಿ ಅನುಮತಿ ಪಡೆದು ಕೊಟ್ಟ. ಆ ದಿನ 390 ರೂಪಾಯಿಯ ಮಾರ್ಗರೀಟಾ ಪಿಜ್ಜಾ ತರಿಸಿ ನಿರಾಸೆಗೊಂಡೆ. ಮೆನುವಿನಲ್ಲಿ ‘ನೇಪಲ್ಸ್ ಶೈಲಿ’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿದ್ದಾರೆ. ನೇಪಲ್ಸಿನ ಪಿಜ್ಜಾ ಬೇಯುವುದು 400 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾದ ಸೌದೆ ಒಲೆಯಲ್ಲಿ, ಒಂದರಿಂದ ಒಂದೂವರೆ ನಿಮಿಷದಲ್ಲಿ. ಆ ಕೈಚಳಕವನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ವಿದ್ಯುತ್ ಒಲೆಯಿಂದ ಇಪ್ಪತ್ತು ನಿಮಿಷಗಳ ನಂತರ ಹೊರಬಂದದ್ದರ ಅಂಚು ಬಿಸ್ಕತ್ತಿನಂತೆ ಒಣಗಿತ್ತು, ನಡುಭಾಗ ಒದ್ದೆಯಾಗಿತ್ತು, ಮೇಲಿನ ಚೀಸ್ ತಣ್ಣಗಾದ ಕೂಡಲೇ ರಬ್ಬರಿನ ಹಾಳೆಯಾಯಿತು. ವಿದ್ಯುತ್ ಒಲೆ ಇಟ್ಟುಕೊಂಡದ್ದು ಅಪರಾಧವಲ್ಲ, ಆ ಹೆಸರು ಹಾಕಿಕೊಳ್ಳಬಾರದಿತ್ತು. ಇನ್ನೂ ಒಂದು ವಿಷಯವಿದೆ. ನೇಪಲ್ಸಿನಲ್ಲಿ ಪಿಜ್ಜಾವನ್ನು ತಲೆಗೊಂದರಂತೆ ತರಿಸಿಕೊಂಡು, ತುಂಡು ಮಾಡದೆ ತಟ್ಟೆಗೆ ಬಂದದ್ದನ್ನು ತಾವೇ ಚಾಕುವಿನಿಂದ ಕತ್ತರಿಸಿ ತಿನ್ನುತ್ತಾರೆ. ಹುಟ್ಟಿದೂರಿನಲ್ಲಿ ಅದು ಒಬ್ಬರ ಊಟ. ನಮ್ಮಲ್ಲಿ ಅದೇ ಎಂಟು ತುಂಡಾಗಿ ಹುಟ್ಟುಹಬ್ಬದ ತಿನಿಸಾಗಿದೆ, ನನ್ನ ಮೇಜಿಗೂ ನಾಲ್ಕು ಖಾಲಿ ತಟ್ಟೆಗಳ ಸಮೇತ ಬಂತು.

190 ರೂಪಾಯಿಯ ತಿರಮಿಸು, ಅಂದರೆ ಕಾಫಿಯಲ್ಲಿ ನೆನೆಸಿದ ಬಿಸ್ಕತ್ತು ಮತ್ತು ಕೆನೆಯ ಇಟಾಲಿಯನ್ ಸಿಹಿ, ಇಲ್ಲಿ ಮೊಟ್ಟೆಯಿಲ್ಲದ್ದು, ಕೆಳಗೆ ಬಿಸ್ಕತ್ತಿನ ಬದಲು ಸ್ಪಂಜ್ ಕೇಕ್. ಕಾಫಿಯ ಡಿಕಾಕ್ಷನ್ ಗಟ್ಟಿಯಾಗಿದ್ದುದರಿಂದ ತಿನ್ನಬಹುದಿತ್ತು. ಮೊದಲ ಸಂಜೆ ಕುಡಿದಿದ್ದ 90 ರೂಪಾಯಿಯ ಎಸ್ಪ್ರೆಸೊ ಅದಕ್ಕಿಂತ ಬಹಳ ಮೇಲು: ನೆರೆಯ ಚಿಕ್ಕಮಗಳೂರಿನ ಬೀಜ, ಮೇಲೆ ಹೇಸಲ್‌ನಟ್ ಬಣ್ಣದ ದಟ್ಟ ನೊರೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು ಎಂಬುದನ್ನು ನೆನೆದರೆ, ಈ ಲೋಟದಲ್ಲಿ ಮಾತ್ರ ಹೋಟೆಲಿನವರು ಎರಡೂ ಊರುಗಳಿಗೆ ನ್ಯಾಯ ಸಲ್ಲಿಸಿದ್ದಾರೆ.

ಬಿಲ್ಲನ್ನು ಓದದೆ ಹಣ ಕೊಡುವುದು ನನ್ನ ವೃತ್ತಿಯವರಿಗೆ ಆಗದ ಕೆಲಸ. ಎರಡನೆಯ ಸಂಜೆಯ 580 ರೂಪಾಯಿಗೆ ಶೇ. 5ರಂತೆ 29 ರೂಪಾಯಿ ಸೇವಾ ಶುಲ್ಕ ಹಾಕಿ, ಸೇರಿಸಿದ 609 ರೂಪಾಯಿಯ ಮೇಲೆ ಜಿಎಸ್‌ಟಿ ಲೆಕ್ಕ ಹಾಕಿದ್ದರು. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಮೆಲ್ಲಗೆ ಹೇಳಿದೆ, ಕೌಂಟರಿನಲ್ಲಿದ್ದವರು ವಾದ ಮಾಡದೆ ತೆಗೆದುಹಾಕಿದರು. ಪಕ್ಕದ ಮೇಜಿನ ಬಿಲ್ಲಿನಲ್ಲೂ ತೆಗೆದರೋ ಇಲ್ಲವೋ ನೋಡಲಿಲ್ಲ. ಆ 29 ರೂಪಾಯಿಯನ್ನು, ಜೊತೆಗೆ ಇನ್ನಷ್ಟನ್ನು, ಕಿಟಕಿಯ ಮೇಜು ಕೊಡಿಸಿದ ಹುಡುಗನ ಕೈಗೇ ಕೊಟ್ಟೆ.

ಒಬ್ಬರೇ ಹೋಗುವವರು ಏಳು ಗಂಟೆಗೆ ಹೋಗಿ, ಮೇಜನ್ನು ಕೇಳಿ ಪಡೆದು, ಆಲ್ಯೊ ಎ ಓಲ್ಯೊ ಮತ್ತು ಎಸ್ಪ್ರೆಸೊ ಮಾತ್ರ ತರಿಸಲಿ. ಮಳೆಗಾಲದಲ್ಲಿ ಒಂಬತ್ತೂವರೆಯ ನಂತರ ಆ ಬಡಾವಣೆಯಲ್ಲಿ ಆಟೋ ಸಿಗುವುದಿಲ್ಲ. ನಾನು ಎರಡನೆಯ ರಾತ್ರಿ ಲಾಡ್ಜಿನವರೆಗೆ ನಡೆದೇ ಹೋದೆ.